ಎಲ್ಲೀಡಿ ಶಂಭಯ್ಯನ ಸೈಕಲ್ಲು

ಕಿರುಗಾವಲಿನ ಶಂಭಯ್ಯ ತಾನೇ ತಯಾರಿಸಿದ ಎಲ್‌ಇಡಿ ದೀಪಗಳನ್ನು ಸೈಕಲ್ಲಿಗೆ ಕಟ್ಟಿ ಹೊರಟ ಮೊದಲ ಸಂಜೆಯೇ ಎಡವಟ್ಟಾಯಿತು. ನಾಲೆ ಏರಿಯ ಮೇಲೆ ಇಸ್ಪೀಟಾಡುತ್ತಿದ್ದವರು ಕೆಂಪು-ನೀಲಿ ಮಿಣುಕು ಕಂಡು, ಪೊಲೀಸ್ ಜೀಪೆಂದು ಕಬ್ಬಿನ ಗದ್ದೆಗೆ ಓಡಿದರು. ಸೈಕಲ್ಲೂ ಅವರ ಹಿಂದೆಯೇ ಗದ್ದೆಗೆ ನುಗ್ಗಿ, ಶಂಭಯ್ಯನ ಸ್ವಂತ ಭಾವಮೈದ ಯತೀಶನನ್ನು ಕೆಡವಿತು.

ಮದುವೆಮನೆಯಲ್ಲಿ ಉಳಿದ ಸೀರಿಯಲ್ ಸೆಟ್ಟು, ಹಳೇ ಟಾರ್ಚಿನ ಬ್ಯಾಟರಿ, ಬೆಸುಗೆಗೆ ಕಾಯಿಸಿದ ದಬ್ಬಳ, ಇಷ್ಟೇ ಬಂಡವಾಳ. “ಎಲ್ಲೀಡಿ ಎಲ್ಲಿಡ್ಲಿ?” ಎಂದು ತಿಂಗಳೆಲ್ಲ ಕಂಡಕಂಡವರನ್ನು ಕೇಳಿ, ಕೊನೆಗೆ ಹ್ಯಾಂಡಲ್ಲು, ಚಕ್ರದ ಕಡ್ಡಿ, ಕ್ಯಾರಿಯರ್ ಎನ್ನದೆ ಎಲ್ಲೆಲ್ಲೂ ಇಟ್ಟಿದ್ದ. ಊರು ಅವನನ್ನು ವಿಜ್ಞಾನಿ ಎಂದಿತು. ಹೆಂಡತಿ ಅಂಕಮ್ಮ ಮಾತ್ರ ಅದನ್ನು ಲೈಟಾಗಿ ತೆಗೆದುಕೊಳ್ಳಲಿಲ್ಲ.

“ನನ್ ತಮ್ಮುನ್ನೇ ಕೆಡವ್ಬುಟ್ಯಲ್ಲಾ! ಆ ದೀಪ ಕಿತ್ತಾಕೋಗಂಟ ಮುದ್ದೆ ಕೇಳ್ಬ್ಯಾಡ.”

ಎಲ್ಲೀಡಿ ಉಳಿಸಿಕೊಳ್ಳಲು ಶಂಭಯ್ಯ ಹೋಟೆಲ್ ಇಡ್ಲಿಗೆ ಇಳಿದ. ವಾರ ಕಳೆಯುವಷ್ಟರಲ್ಲಿ ಮುದ್ದೆಯ ನೆನಪಿಗೇ ಮುಖ ಸಣ್ಣಗಾಗಿತ್ತು. ಕನಿಕರಪಟ್ಟು ಯತೀಶನೇ ಕುಂಟುತ್ತ ರಾಜಿಗೆ ಬಂದ.

“ಅಲ್ಲ ಭಾವ, ದಾರಿ ಕಾಣಕ್ಕೆ ಒಂದ್ ದೀಪ ಸಾಲ್ದಾ? ಮಿಕ್ಕಿದ್ದ ಕಿತ್ತಾಕಿ ಅಕ್ಕನ್ ಕೈಲಿ ಮುದ್ದೆ ಉಣ್ಣು. ಇಷ್ಟೊಂದ್ ಯಾಕ್ ಬೇಕು?”

“ದಾರಿ ನಂಗೆ ಕಾಣ್ತದೆ ಕಣ್ಲಾ,” ಎಂದ ಶಂಭಯ್ಯ. “ಸೈಕಲ್ಗೆ ಬ್ರೇಕಿಲ್ಲ. ದೂರದಿಂದ್ಲೇ ನೋಡಿ ಜನ ಪಕ್ಕಕ್ಕೋಗ್ಲಿ ಅಂತ.”