ಅತ್ತೆ ಪೂಜಿಸಿದ ಜೋಳದ ದಂಟು

ಕೇಳಿ ಸ್ನೇಹಿತರೇ, ಇವತ್ತು ಹಡಗಲಿಯ ಹೂಜೋಡಣೆ ಸ್ಪರ್ಧೆಗೆಂದು ಹಿತ್ತಾಳೆ ತಂಬಿಗೆಯಲ್ಲಿ ಒಣ ಜೋಳದ ದಂಟು ನಿಲ್ಲಿಸಿ, ಅದಕ್ಕೊಂದು ಮಲ್ಲಿಗೆ ಎಳೆ ಇಳಿಬಿಟ್ಟಿದ್ದೆ. ಆ ಜೋಡಣೆಗೆ ಇಟ್ಟ ಹೆಸರು ‘ಕಾಯುವಿಕೆ’. ಸೀರೆ ಉಟ್ಟು ಬರುವಷ್ಟರಲ್ಲಿ ಅತ್ತೆ ತಂಬಿಗೆಗೆ ವಿಭೂತಿ, ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗುತ್ತಿದ್ದರು.

“ಅಯ್ಯ, ಅದು ದೇವ್ರಲ್ಲ ಅತ್ತಿ, ಕಾಂಪಿಟೇಶನ್‌ಗೆ ಒಯ್ಯೋದೈತ್ರಿ!”

“ಮೊದ್ಲ ಹೇಳಬೇಕಿತ್ತವ್ವ. ಪೂಜಿ ಆಗೈತಿ, ಸಂಜಿತನಕ ಅಲುಗಾಡ್ಸಬ್ಯಾಡ.”

ಸ್ಪರ್ಧೆ ತಪ್ಪಿತು. ಮುಖ ಊದಿಸಿಕೊಂಡು ಕೂತೆ. ಅಷ್ಟರಲ್ಲಿ ಸಕ್ಕರೆ ಕೇಳಲು ಬಂದ ಪಕ್ಕದ ಮನೆಯ ಶಾಂತಕ್ಕ, ಬಂದ ಕೆಲಸ ಮರೆತು, ನನ್ನ ದಂಟಿನ ಮುಂದೆ ಕೈಮುಗಿದು ನಿಂತರು.

“ಮಗಳಿಗೊಂದು ವರ ಕೂಡಿ ಬರವಲ್ದು. ಇನ್ನೆಷ್ಟ್ ಕಾಯಿಸ್ತೀಯೋ ನಮ್ಮಪ್ಪಾ?”

ಹೆಸರಿನ ಚೀಟಿಯನ್ನು ನಾನಿನ್ನೂ ಅಂಟಿಸಿಯೇ ಇರಲಿಲ್ಲ! ಇವತ್ತಿನ ತೀರ್ಪುಗಾರರು ಮನೆಗೇ ಬಂದಿದ್ದರು, ಸಕ್ಕರೆ ಬಟ್ಟಲು ಹಿಡಿದುಕೊಂಡು.