ಬಾತುಗೂಡಿನ ಚೆಲುವಯ್ಯ

ಶಾಂತಿಗ್ರಾಮದ ಚೆಲುವಯ್ಯನಿಗೆ ಇರುವುದು ಬೆರಳೆಣಿಕೆಯಷ್ಟು ಬಾತುಕೋಳಿ. ಅವುಗಳಿಗೆ ಕಟ್ಟಿದ ಮನೆಗಳಿಗೆ ಮಾತ್ರ ಕೊನೆಯಿಲ್ಲ ಎಂಬುದು ಹೆಂಡತಿ ಲಕ್ಕಮ್ಮನ ಗೋಳು. ಹಿತ್ತಿಲಲ್ಲಿ ಮಣ್ಣುಗೋಡೆಯದೊಂದು, ಬಿದಿರುತಡಿಕೆಯದೊಂದು, ಕಲ್ಲುಗಳ ಮೇಲೆ ಹಲಗೆ ಹಾಸಿದ್ದು ಇನ್ನೊಂದು. ಮಣ್ಣಿನದು ಬೆಚ್ಚಗಿದೆ, ಆದರೆ ನೆಲ ಬೆವರುತ್ತದೆ. ತಡಿಕೆಯದರಲ್ಲಿ ಗಾಳಿಯಾಡುತ್ತದೆ, ಆದರೆ ಇರಚಲು ಹೊಡೆಯುತ್ತದೆ. ಹಲಗೆಯದರ ಮೇಲೆ ಅವನಿಗೆ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ. ದಿನಾ ಬೆಳಿಗ್ಗೆ ಬಾತುಗಳನ್ನು ಕೆರೆಗೆ ಬಿಟ್ಟೊಡನೆ ಒಂದೊಂದು ಗೂಡಿನೊಳಗೂ ತೆವಳಿ, ನೆಲಕ್ಕೆ ಕೆನ್ನೆಯಿಟ್ಟು ತೇವ ನೋಡುತ್ತಾನೆ. ಅಂಗಿಗೆ ಹಿಕ್ಕೆ, ಮೀಸೆಯಲ್ಲಿ ಪುಕ್ಕ. ಊಟಕ್ಕೆ ಕೂತರೂ "ಮಣ್ಣಿಂದು ಇವತ್ತೂ ತ್ಯಾವ ಕಣಮ್ಮಿ" ಎಂದೇ ಶುರು. "ಬಾಣಂತನಕ್ಕೆ ಮಗಳು ಬತ್ತಾವ್ಳೆ, ನಡುಮನೆ ನೆಲ ಜೌಗು ಇಡಿದೈತೆ. ನಿಂಗೆ ಬಾತಿನ ಅರಮನೆ ಬೇಕಾ?" ಎಂದು ಲಕ್ಕಮ್ಮ ಗದರಿದರೆ, "ತಡಿಯಮ್ಮಿ, ಒಂದು ಜೋರು ಮಳೆ ಬರ್ಲಿ, ಯಾವ್ದು ವಾಸಿ ಅಂತ ಗೊತ್ತಾಯ್ತದೆ" ಎನ್ನುತ್ತಾನೆ. ಮಳೆಯೂ ಬಂತು, ಇದ್ದಿಲು ಉರಿಸಿ ಓಡುವ ಚನ್ನರಾಯಪಟ್ಟಣದ ಬಸ್ಸಿನಲ್ಲಿ ಮಗಳು ಬಂದಿಳಿಯುವ ದಿನವೂ ಬಂತು. ಅವತ್ತು ಹೊಲದಿಂದ ಹಿಂದಿರುಗಿದ ಲಕ್ಕಮ್ಮ ನೋಡಿದರೆ ಹಲಗೆಗೂಡಿನಲ್ಲಿ ಹಲಗೆಯೇ ಇಲ್ಲ. ಬಾತುಗಳೆಲ್ಲ ಕವುಚಿದ ಮಂಕರಿ ಬುಟ್ಟಿಯ ಕೆಳಗೆ ಗಲಾಟೆ ಮಾಡುತ್ತಿವೆ. ಬೈಯುತ್ತಲೇ ಒಳಗೆ ಬಂದಳು. ನಡುಮನೆಯಲ್ಲಿ ಚೆಲುವಯ್ಯ ಅವೇ ಹಲಗೆಗಳನ್ನು ಉಜ್ಜಿ ತೊಳೆದು, ಒಲೆಯ ಮುಂದೆ ಒಣಗಿಸಿ, ಕಲ್ಲುಗಳ ಮೇಲೆ ಹಾಸಿ, ಮೂಲೆಮೂಲೆಗೂ ಕೆನ್ನೆಯಿಟ್ಟು ನೋಡುತ್ತಿದ್ದ. "ಇದ್ರ ಮ್ಯಾಲೆ ಬಾತಿನ ಮರಿಗೇ ಶೀತ ಆಗ್ನಿಲ್ಲ ಕಣಮ್ಮಿ" ಎಂದ. ಲಕ್ಕಮ್ಮ ಅವನ ಮೀಸೆಯ ಪುಕ್ಕವನ್ನು ಕಿತ್ತೆಸೆದು, ಇನ್ನೊಂದು ಮೂಲೆಯಲ್ಲಿ ತಾನೂ ಕೆನ್ನೆಯಿಟ್ಟಳು.