ಬಾಗಿಲು ಎಲ್ಲಿದೆ?
ಅಮೆರಿಕದ ವಿಸ್ಕಾನ್ಸಿನ್ನಿನ ತನ್ನ ಮನೆಯ ನೆಲಮಾಳಿಗೆಯಲ್ಲಿ ಶನಿವಾರ ಮಧ್ಯಾಹ್ನ ಗೆಳೆಯರಿಗೆ ದಾಳ ಉರುಳಿಸಿ ಕಥೆ ನಡೆಸುವ ವೀರರ ಆಟ ಆಡಿಸುವ ಮಾರ್ಲಿಸ್, ಓರಿನ್ ಹಾಗನ್‌ನಂಥ ಪುಕ್ಕಲನನ್ನು ಬೇರೆಲ್ಲೂ ಕಂಡಿಲ್ಲ. ಅವಳು ಮೇಜಿನ ಮೇಲೆ ಗುಹೆಯ ನಕ್ಷೆ ಹಾಸಿ, ಆಟಗಾರರ ಪುಟ್ಟ ಗೊಂಬೆಗಳನ್ನು ನಿಲ್ಲಿಸಿ, ಒಳಗೇನಿದೆ ಎಂದು ಹೇಳುವ ಮೊದಲೇ ಅವನು "ಬಾಗಿಲು ಎಲ್ಲಿದೆ?" ಎನ್ನುತ್ತಾನೆ. ಆ ಗುಹೆಯಲ್ಲಿ ಒಂದು ಇಲಿ ಇದೆಯೆಂದು ಅವಳು ಹೇಳಿದರೂ ಸಾಕು, ಬಾಯಿತುಂಬ ಚೀಸ್ ಇಟ್ಟುಕೊಂಡೇ "ಓಡ್ರೋ ಓಡ್ರೋ!" ಎಂದು ಬೊಬ್ಬೆ ಹೊಡೆಯುತ್ತಾನೆ. "ನಿನ್ ಕತ್ತಿ ತುಕ್ಕು ಹಿಡೀತು ಕಣೋ" ಎಂದು ಜೊತೆ ಆಟಗಾರ ಡೆಲ್ಬರ್ಟ್ ಛೇಡಿಸಿದರೆ, "ಹಿಡೀಲಿ ಬಿಡೋ, ತಲೆ ಹೆಗಲ ಮೇಲಿದೆಯಲ್ಲ" ಎಂದು ಇನ್ನೊಂದು ಚೂರು ಚೀಸ್ ಬಾಯಿಗೆ ಹಾಕಿಕೊಳ್ಳುತ್ತಾನೆ. ತಲೆಯ ಚಿಂತೆಯೂ ಸುಳ್ಳಲ್ಲ. ವರ್ಷಗಟ್ಟಲೆ ಆಡಿ ಬೆಳೆಸಿದ ವೀರ ಆಟದಲ್ಲಿ ಒಮ್ಮೆ ಸತ್ತರೆ ಮಾರ್ಲಿಸ್ ಬದುಕಿಸಿಕೊಡುವವಳಲ್ಲ. ಮೊನ್ನೆ ಆಟದ ಗುಹೆಯಲ್ಲಿ ಡ್ರ್ಯಾಗನ್ ಎದ್ದಾಗಲೂ ಮೊದಲು ಕೂಗಿದವನು ಅವನೇ. ಆದರೆ ಗೊಂಬೆ ಸರಿಸುವ ಸರದಿ ಬಂದಾಗ ಎಂದಿನಂತೆ, "ನಂದು ಆಮೇಲೆ, ನೀವ್ ಮೊದ್ಲು ಹೋಗಿ" ಎಂದ. ಉಳಿದವರೆಲ್ಲ ಬಾಗಿಲು ದಾಟಿ ಪಾರಾಗಿ, ಪುಕ್ಕಲನನ್ನು ಹಾಸ್ಯ ಮಾಡುತ್ತ ಕುಳಿತರು. ಡ್ರ್ಯಾಗನ್ನಿನ ಪರವಾಗಿ ದಾಳ ಎತ್ತಿಕೊಂಡ ಮಾರ್ಲಿಸ್, ಯಾರನ್ನು ಹೊಡೆಯಲಿ ಎಂದು ನಕ್ಷೆ ನೋಡಿದಳು. ಬಾಗಿಲಿಗೆ ಅಡ್ಡವಾಗಿ ಒಂದೇ ಒಂದು ಗೊಂಬೆ ನಿಂತಿತ್ತು. ಓರಿನ್ ಅದರ ಮುಖವನ್ನು ಗುಹೆಯೊಳಗಿನ ಡ್ರ್ಯಾಗನ್ನಿನ ಕಡೆಗೆ ತಿರುಗಿಸಿಟ್ಟಿದ್ದ.